ನೀರು ಇಳಿದ ಮೇಲೆ ಕಂಡ ನಮ್ಮೂರು

ಕನ್ನಣ್ಣಾ,

ಮೊನ್ನೆ ಸಂತೆಯಿಂದ ಬರುವಾಗ ದಡದಲ್ಲಿ ಯಾರೋ ಕೈಯನ್ನು ಬಾಯಿಗಿಟ್ಟುಕೊಂಡು "ಹೋ..." ಎಂದು ದೋಣಿ ಕರೆದರು. ಆಚೆ ದಡದಿಂದ ನಿನ್ನ ಕೂಗು ಬರುತ್ತದೇನೋ ಎಂದು ಒಂದು ಗಳಿಗೆ ನಿಂತುಬಿಟ್ಟೆ. ನೀನಿಲ್ಲ ಎಂಬುದು ತಲೆಗೆ ಗೊತ್ತು, ಕಿವಿಗೆ ಇನ್ನೂ ಗೊತ್ತಾಗಿಲ್ಲ. ಈ ಬೇಸಿಗೆಯಲ್ಲಿ ಏನೇನೋ ಆಗಿಹೋಯಿತು. ಅದನ್ನು ಹೇಳಬೇಕಾದದ್ದು ನಿನಗೆ. ಬೇರೆ ಯಾರಿಗೆ ಹೇಳಿದರೆ ತಾನೇ ಅರ್ಥವಾದೀತು?

ನಾವು ನಮ್ಮೂರು ಕಣಗಲಮನೆ ಬಿಟ್ಟ ದಿನ ನನಗೆ ಮಸುಕು ಮಸುಕಾಗಿ ನೆನಪಿದೆ. ಗಾಡಿಯ ಮೇಲೆ ಒರಳುಕಲ್ಲಿನ ಪಕ್ಕ ನನ್ನನ್ನು ಕೂರಿಸಿದ್ದಿರಿ. ನೀನು ಆಗಲೇ ಮೀಸೆ ಚಿಗುರಿದ ಹುಡುಗ, ಕೋಣಗಳ ಹಿಂದೆ ನಡೆದು ಬರುತ್ತಿದ್ದೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಿತ್ತು, ಶರಾವತಿ ಹಿಂದಕ್ಕೆ ಏರುತ್ತಿದ್ದಳು. ಊರಿನವರಲ್ಲಿ ಕೆಲವರು ಹೊಸನಗರದ ಕಡೆ ಹೋದರು, ಕೆಲವರು ತೀರ್ಥಹಳ್ಳಿ, ಮಂಡಗದ್ದೆ ದಾಟಿ ಹೋದರು. ನಾವು ಮಾತ್ರ ದೂರ ಹೋಗಲಾರದೆ ಬ್ಯಾಕೋಡಿನ ಗುಡ್ಡದ ಮೇಲೆ ಗುಡಿಸಲಿಗೆ ಸೋಗೆ ಹೊದಿಸಿಕೊಂಡು ಕೂತೆವು. ಅಪ್ಪ ಅಲ್ಲಿ ಹೆಚ್ಚು ದಿನ ಬಾಳಲಿಲ್ಲ. ಗದ್ದೆ ಇಲ್ಲದ ನೀನು ದೋಣಿ ಹಿಡಿದೆ. ಕಣ್ಣೆದುರು ಬರೀ ನೀರು. ನಮ್ಮೂರು ಅದರ ಕೆಳಗೆ ಎಲ್ಲೋ...

ಮೊದಲು ಬಂದದ್ದು ಹುಚ್ಚಮ್ಮಜ್ಜಿ, ನೆನಪಿದೆಯಾ? ನಮ್ಮ ಮನೆಗೆ ಮೂರನೇ ಮನೆಯವಳು. ಮಂಡಗದ್ದೆಯ ಹತ್ತಿರ ಮಗನ ಜೊತೆ ನೆಲೆಸಿದ್ದವಳು, ಒಂದು ಬೇಸಿಗೆ ಒಬ್ಬಳೇ ಬಸ್ಸು ಬದಲಾಯಿಸಿಕೊಂಡು ಸಾಗರಕ್ಕೆ ಬಂದು, ಅಲ್ಲಿಂದ ನಮ್ಮಲ್ಲಿಗೆ ಬಂದಳು. "ಕನ್ನಪ್ಪ, ಒಂದ್ ಸಲ ನನ್ ಮನೆ ಮೇಲೆ ದೋಣಿ ನಿಲ್ಸು ಮಗ. ಅಷ್ಟ್ ಸಾಕು" ಎಂದಳು. ನೀನು ನಿಲ್ಲಿಸಿದೆ. ಅವಳು ನೀರನ್ನೇ ನೋಡುತ್ತಾ ಕೂತಿದ್ದಳು. ಏನೂ ಕಾಣುತ್ತಿರಲಿಲ್ಲ. ಆಗ ನೀನು ಅಂಗಿ ಬಿಚ್ಚಿ, ಕೈಯಲ್ಲೊಂದು ಭಾರದ ಕಲ್ಲು ಹಿಡಿದು ಧುಮುಕಿದೆ. ಎಷ್ಟು ಹೊತ್ತಾದರೂ ನೀನು ಬಾರದೆ ನಾನು ಅಳುವುದಕ್ಕೆ ಶುರುಮಾಡಿದ್ದೆ. ಮೇಲೆ ಬಂದು ದೋಣಿಯ ಅಂಚು ಹಿಡಿದು ಏದುಸಿರು ಬಿಡುತ್ತಾ ಹೇಳಿದೆ: "ಹೊಸಿಲು ಹಂಗೇ ಐತಜ್ಜಿ. ನೀ ಅರಿಶಿಣ ಹಚ್ತಿದ್ದ ಹೊಸಿಲು." ಅಜ್ಜಿ ಸೆರಗಿನಿಂದ ನಿನ್ನ ತಲೆ ಒರೆಸಿದಳು.

ಆಮೇಲೆ ಪ್ರತಿ ಬೇಸಿಗೆಯೂ ಜನ. ಊರು ಕಳೆದುಕೊಂಡವರು ಬರುತ್ತಿದ್ದರು, ಮಕ್ಕಳನ್ನು ಕರೆತರುತ್ತಿದ್ದರು. ಅವರಿಂದ ಸುದ್ದಿ ಕೇಳಿದ ಪೇಟೆಯವರೂ ಬರತೊಡಗಿದರು. ಸಾಗರದ ಹೊಸ ಮದುವೆಯ ಜೋಡಿಗಳು, ತೀರ್ಥಹಳ್ಳಿಯ ಕಾಲೇಜು ಹುಡುಗರು, ಹೆಗ್ಗೋಡಿಗೆ ನಾಟಕ ನೋಡಲು ಬಂದು ಹಾಗೇ ಇತ್ತ ತಿರುಗಿದವರು. ದೋಣಿ ಹತ್ತುವ ಮೊದಲು ಎಲ್ಲರಿಗೂ ನೀನು ಹೇಳುತ್ತಿದ್ದೆ: ಒಂದೇ ಮಗ್ಗುಲಿಗೆ ವಾಲಬೇಡಿ, ಕೈ ನೀರಿಗೆ ಇಳಿಬಿಡಬೇಡಿ, ಕೆಳಗೆ ಸತ್ತ ಮರಗಳು ಈಟಿಯ ಹಾಗೆ ನಿಂತಿವೆ. ಹತ್ತುವಾಗ ಗಲಾಟೆ ಮಾಡುತ್ತಿದ್ದವರೆಲ್ಲ ನಮ್ಮೂರಿನ ಮುಳುಗಿದ ಈಶ್ವರ ದೇವಸ್ಥಾನದ ಮೇಲೆ ಬರುವಷ್ಟರಲ್ಲಿ ಸುಮ್ಮನಾಗುತ್ತಿದ್ದರು. ನೆತ್ತಿಯ ಮೇಲೆ ಬಿಸಿಲಿದ್ದು ಗಾಳಿ ಇಲ್ಲದಿದ್ದರೆ ಗುಡಿಯ ಮೇಲಿನ ಕಲ್ಲಿನ ಮಾಡು ಹಸಿರಾಗಿ, ಅಲ್ಲಾಡಿದ ಹಾಗೆ ಕಾಣುತ್ತಿತ್ತು. ಒಬ್ಬ ಹುಡುಗಿ ಗಂಡನ ತೋಳು ಹಿಡಿದುಕೊಂಡು, "ಹೆದ್ರಿಕೆ ಆಗ್ತದೆ, ಆದ್ರೂ ಇನ್ನೊಂಚೂರು ಹೊತ್ತು ಇಲ್ಲೇ ಇರಣ" ಎಂದಿದ್ದಳು. ಆ ಮಾತಿಗೆ ನೀನು ನಕ್ಕೆ. ಜನ ಎಂತಕ್ಕೆ ಬರುತ್ತಾರೆ ಎಂದು ನಾನು ಕೇಳಿದಾಗಲೆಲ್ಲ ಅವಳ ಮಾತನ್ನೇ ಹೇಳುತ್ತಿದ್ದೆ.

ಅವ್ವನಿಗೆ ಇದು ಒಂದು ದಿನವೂ ಹಿಡಿಸಲಿಲ್ಲ. ನೀನು ಊಟಕ್ಕೆ ಕೂತಾಗ ಬೆನ್ನು ತಿರುಗಿಸಿಕೊಂಡು ಬಡಿಸುತ್ತಿದ್ದಳು. "ಸತ್ತ್ ಊರ ತೋರ್ಸಿ ಎಂತ ಬದುಕೋ ನಿಂದು? ಹೆಣದ ಮುಸುಕು ತೆಗ್ದು ತೆಗ್ದು ನೋಡ್ತಾರಾ ಯಾರಾದ್ರೂ?" ನೀನು ಅನ್ನ ಕಲಸುತ್ತಾ, "ನೋಡ್ದಿದ್ರೆ ಸತ್ತೈತೆ ಅಂತ ನಂಬ್ಕೆ ಬರಲ್ಲವ್ವ" ಎಂದಿದ್ದೆ. ಅವ್ವ ಒಂದು ಸಲವೂ ನಿನ್ನ ದೋಣಿ ಹತ್ತಲಿಲ್ಲ. ಆ ನೀರಲ್ಲಿ ಕಾಲು ಕೂಡ ತೊಳೆಯಲಿಲ್ಲ.

ಪ್ರಭಾಕರಣ್ಣ ಬಂದ ಮಧ್ಯಾಹ್ನ ನೀನು ದೋಣಿಗೆ ಡಾಂಬರು ಬಳಿಯುತ್ತಿದ್ದೆ. ಸಾಗರದಲ್ಲಿ ಅವರ ಹೆಂಡತಿಯ ತವರು. ಮುಂಬಯಿ ಬಂದರಿನಲ್ಲಿ ಹಡಗುಗಳ ತಳ ನೋಡಿ ರಿಪೇರಿ ಮಾಡುವ ಮುಳುಗುಗಾರ, ರಜೆಗೆ ಬಂದಿದ್ದರು. ಬಾಡಿಗೆ ಜೀಪಿನಿಂದ ಗಾಳಿ ತುಂಬಿದ ಸಿಲಿಂಡರು, ಕಪ್ಪೆಯ ಕಾಲಿನಂಥ ರಬ್ಬರು ಚಪ್ಪಲಿ, ಮುಖಕ್ಕೆ ಕಟ್ಟುವ ಗಾಜು ಇಳಿಸಿದಾಗ ಊರಿಗೆ ಊರೇ ಬಂದು ನೋಡಿತು. ನಿಮ್ಮಿಬ್ಬರಿಗೂ ಅಷ್ಟು ಬೇಗ ಸ್ನೇಹವಾದದ್ದು ಹೇಗೆ? ಆ ಸಂಜೆಯೇ ನಮ್ಮ ಜಗಲಿಯಲ್ಲಿ ಕೂತು ಅವರು ಸಮುದ್ರದ ಕತೆ ಹೇಳಿದರು. ಎಲ್ಲೋ ಒಂದು ದ್ವೀಪದ ಹತ್ತಿರ ಹಳೆಯ ಹಡಗೊಂದು ಮುಳುಗಿದೆಯಂತೆ. ಅದನ್ನು ನೋಡಲೆಂದೇ ಜನ ದೇಶ ದಾಟಿ ಬಂದು ತಳಕ್ಕೆ ಇಳಿಯುತ್ತಾರಂತೆ. ಅವರೂ ಇಳಿದಿದ್ದರು. ಕ್ಯಾಪ್ಟನ್ ಮಲಗುತ್ತಿದ್ದ ಕೋಣೆಯಲ್ಲಿ ಮೀನುಗಳು, ಮೆಟ್ಟಿಲ ಮೇಲೆ ಪಾಚಿ, ಗೋಡೆಯಲ್ಲಿ ಹಾಗೇ ಇದ್ದ ಗಡಿಯಾರ.

"ವಾಪಸ್ ಬರದೇ ಇದ್ದೋರೂ ಇದಾರಾ?" ಎಂದು ನೀನು ಕೇಳಿದೆ.

"ಇದ್ದಾರೆ. ಒಳಗೆ ಹೋದ್ಮೇಲೆ ಹೂಳು ಎದ್ರೆ ಬಾಗಿಲು ಯಾವ ಕಡೆ ಅಂತ ಗೊತ್ತಾಗಲ್ಲ. ಗಾಳಿ ಮುಗಿಯುತ್ತೆ."

"ಮತ್ತೆ ಎಂತಕ್ಕೆ ಹೋಗ್ತೀರಿ?"

"ಎಲ್ಲ ನಿಂತುಹೋದ ಜಾಗ ನೋಡು ಅದು. ಅಲ್ಲಿ ನಾನೊಬ್ಬನೇ ಉಸಿರಾಡ್ತಾ ಇರ್ತೀನಿ. ಅದು ಹೇಳಕ್ಕೆ ಬರಲ್ಲ ಕನ್ನಪ್ಪ."

ನೀನು ಇನ್ನೊಂದು ಕೇಳಿದೆ. "ಆ ಹಡಗಲ್ಲಿ ಸತ್ತೋರ ಮನೆಯವ್ರು ಬತ್ತಾರಾ ನೋಡಕ್ಕೆ?"

"ಇಲ್ಲ. ಬರೋರೆಲ್ಲ ಬೇರೆಯವರೇ."

"ನಮ್ಮಲ್ಲಿ ಮನೆಯೋರೇ ಬತ್ತಾರೆ" ಎಂದೆ ನೀನು, ಮೆಲ್ಲಗೆ. ಘಟ್ಟ ಇಳಿದರೆ ಸಿಗುವ ಸಮುದ್ರವನ್ನು ನೀನು ಆವರೆಗೂ ನೋಡಿರಲಿಲ್ಲ. ಮಳೆಗಾಲ ಕಳೆದ ಮೇಲೆ ಕರೆದುಕೊಂಡು ಹೋಗುವುದಾಗಿ ಅವರು ಮಾತು ಕೊಟ್ಟರು. ಅಂದಿನಿಂದ ನಿನ್ನ ಬಾಯಲ್ಲಿ ಅದೇ. ಸಮುದ್ರ ಯಾವ ಬಣ್ಣ ಇರ್ತದೋ, ಕೆಳಗಿನ ಮರಳು ಹೆಂಗಿರ್ತದೋ...

ಅವರ ಗಾಜು ಕಟ್ಟಿಕೊಂಡು ನೀನು ಮೊದಲ ಸಲ ಮುಳುಗಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹೋಗುವಾಗ ಮಗುವಿನ ಹಾಗೆ ಕುಣಿಯುತ್ತಿದ್ದವನು ಮೇಲೆ ಬಂದು ಗಾಜು ಬಿಚ್ಚಿ ಅವರ ಕೈಗೆ ಕೊಟ್ಟು, ಹುಟ್ಟು ಹಿಡಿದು ಕೂತೆ. "ಎಂತ ಕಂಡ್ತು?" ಎಂದು ನಾನು ಕೇಳಿದೆ. "ನೀರು" ಎಂದೆ ನೀನು. ಮಾರನೆಯ ವಾರ ಹುಚ್ಚಮ್ಮಜ್ಜಿ ಬಂದಳು. ನೀನು ಗಾಜಿಲ್ಲದೆ, ಹಳೆಯ ಹಾಗೆ ಕಲ್ಲು ಹಿಡಿದು ಮುಳುಗಿ ಬಂದು ಅದೇ ಮಾತು ಹೇಳಿದೆ. ಹೊಸಿಲು ಹಂಗೇ ಐತೆ. ಆದರೆ ಹೇಳುವಾಗ ಅವಳ ಮುಖ ನೋಡಲಿಲ್ಲ. ಆಯಾಸ ಇರಬೇಕು ಎಂದುಕೊಂಡೆ.

ಆ ದಿನದ ಬೆಳಿಗ್ಗೆ ನೀರು ಕನ್ನಡಿಯ ಹಾಗಿತ್ತು. ಪ್ರಭಾಕರಣ್ಣನ ರಜೆ ಮುಗಿಯುತ್ತಾ ಬಂದಿತ್ತು. ದೇವಸ್ಥಾನದ ಗರ್ಭಗುಡಿಯೊಳಗೆ ಒಮ್ಮೆ ಹೋಗಿ ಬರಬೇಕೆಂದು ಅವರಿಗೆ ಆಸೆ. ನೀನು ಬೇಡವೆಂದೆ, ಬಾಗಿಲು ಕಿರಿದು ಎಂದೆ. ಕಡೆಗೆ ಸೊಂಟಕ್ಕೆ ಹಗ್ಗ ಕಟ್ಟಿಯೇ ಕಳಿಸಿದೆ. ದೋಣಿಯಲ್ಲಿ ನಾವಿಬ್ಬರೇ. ಹಗ್ಗ ನಿನ್ನ ಕೈಯಲ್ಲಿ, ಹುಟ್ಟು ನನ್ನ ಕೈಯಲ್ಲಿ. ಗುಳ್ಳೆಗಳು ಒಂದೇ ಕಡೆ ಬರುತ್ತಿದ್ದವು. ಆಮೇಲೆ ಹಗ್ಗ ಜಗ್ಗಿತು, ಮತ್ತೆ ಮತ್ತೆ ಜಗ್ಗಿತು. ನೀನು ಎಳೆದೆ, ಬರಲಿಲ್ಲ. ಅಂಗಿಯನ್ನೂ ತೆಗೆಯದೆ ಹಾರಿದೆ. ಒಂದು ಸಲ ಮೇಲೆ ಬಂದು, "ಬಾಗ್ಲ ಕಬ್ಣಕ್ಕೆ ಸಿಲಿಂಡರ್ ಪಟ್ಟಿ ಸಿಕ್ಕಾಕ್ಕಂಡೈತೆ. ಕತ್ತಿ ಕೊಡು ಗೌರಿ" ಎಂದೆ. ಕೊಟ್ಟೆ. "ದೋಣಿ ಅಲ್ಲಾಡ್ಸಬೇಡ" ಎಂದು ಹೇಳಿ ನೀನು ಮತ್ತೆ ಮುಳುಗಿದೆ.

ಅದೇ ನಿನ್ನ ಕೊನೆಯ ಮಾತು. ಪ್ರಭಾಕರಣ್ಣ ಸಿಲಿಂಡರಿಲ್ಲದೆ, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಮೇಲೆ ಬಂದರು. ದೋಣಿಗೆ ಆತುಕೊಂಡು ಕೆಳಗೆ ಕೈ ತೋರಿಸುತ್ತಿದ್ದರು. ಒಳಗೆ ನುಗ್ಗಿ ಪಟ್ಟಿ ಕೊಯ್ದು ಅವರನ್ನು ಬಾಗಿಲಿನಿಂದ ಆಚೆಗೆ ನೂಕಿದವನು ನೀನು. ಎದ್ದ ಹೂಳಿನಲ್ಲಿ ನಿನಗೆ ಆ ಬಾಗಿಲು... ನಾನು ಕೂಗಿದ ಕೂಗಿಗೆ ಬಲೆ ಬಿಡುತ್ತಿದ್ದವರು ದೋಣಿ ತಿರುಗಿಸಿಕೊಂಡು ಬಂದರು. ನಿನ್ನನ್ನು ಮೇಲೆ ತರುವಷ್ಟರಲ್ಲಿ ಬಿಸಿಲು ಇಳಿದಿತ್ತು. ದಡದಲ್ಲಿ ಅವ್ವ ನಿಂತಿದ್ದಳು. ಅವಳು ಅಳಲಿಲ್ಲ. ನಿನ್ನ ಕಾಲಿನ ಕೆಸರನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಆಮೇಲಿನ ಬೇಸಿಗೆಗಳನ್ನು ಹೇಗೆ ಹೇಳಲಿ? ಜನ ಬರುವುದು ನಿಲ್ಲಲಿಲ್ಲ ಅಣ್ಣ. ಹೆಚ್ಚೇ ಆದರು. "ಅವ್ನು ಸತ್ತಿದ್ದು ಯಾವ್ ಜಾಗ್ದಲ್ಲಿ?" ಎಂದು ಕೇಳಿಕೊಂಡು ಬರುತ್ತಿದ್ದರು. ಬೇರೆಯವರು ದೋಣಿ ಇಟ್ಟು ತೋರಿಸುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ ಒಳಗೆ ಕೂರುತ್ತಿದ್ದೆ. ನಿನ್ನ ದೋಣಿ ಗೇರುಮರದ ಕೆಳಗೆ ಮಗುಚಿ ಬಿದ್ದಿತ್ತು. ಯಾರಾದರೂ ಮುಟ್ಟಿದರೆ ಅವ್ವ ಒಳಗಿನಿಂದಲೇ ಗದರುತ್ತಿದ್ದಳು. ಹುಚ್ಚಮ್ಮಜ್ಜಿ ಮಾತ್ರ ಪ್ರತಿ ವರ್ಷ ಬಂದು ನಮ್ಮ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಅವ್ವನ ಕೈ ಹಿಡಿದು, ನೀರಿನ ಕಡೆ ಹೋಗದೆ ತಿರುಗಿ ಹೋಗುತ್ತಿದ್ದಳು.

ಈಗ ಈ ವರ್ಷದ ಸುದ್ದಿ. ಹೋದ ಮಳೆಗಾಲ ಕೈಕೊಟ್ಟಿತು, ಅದರ ಹಿಂದಿನದೂ ಅಷ್ಟಕ್ಕಷ್ಟೆ. ಶಿವರಾತ್ರಿ ಕಳೆಯುತ್ತಲೇ ಸತ್ತ ಮರಗಳು ಸೊಂಟದವರೆಗೆ ಎದ್ದು ನಿಂತವು. ಯುಗಾದಿಯ ಹೊತ್ತಿಗೆ ದೇವಸ್ಥಾನದ ಮಾಡು ಗಾಳಿಗೆ ಒಣಗಿತು. ಮತ್ತೂ ಇಳಿಯಿತು. ಒಂದು ದಿನ ಕಣಗಲಮನೆ ಪೂರಾ ಹೊರಗಿತ್ತು ಅಣ್ಣ, ನಡೆದು ಹೋಗುವ ಹಾಗೆ. ಲಾರಿ, ಜೀಪು, ಕ್ಯಾಮೆರಾ, ಐಸ್‌ಕ್ಯಾಂಡಿ ಮಾರುವವನು, ಎಲ್ಲ ಬಂದರು. ನೀನು ಉಸಿರು ಬಿಗಿಹಿಡಿದು ನೋಡುತ್ತಿದ್ದದ್ದನ್ನು ಜನ ಕೊಡೆ ಹಿಡಿದುಕೊಂಡು ನೋಡಿದರು.

ನಾನು ಹೋದದ್ದು ಪ್ರಭಾಕರಣ್ಣನ ಜೊತೆ. ಆ ದಿನದ ಮೇಲೆ ಅವರು ಮುಳುಗುವ ಕೆಲಸ ಬಿಟ್ಟರು. ಈಗ ಅದೇ ಬಂದರಿನಲ್ಲಿ ದಡದ ಮೇಲಿನ ಕೆಲಸ. ತಲೆ ಬೆಳ್ಳಗಾಗಿದೆ. ಸುದ್ದಿ ತಿಳಿದು ಬಂದು ಅಂಗಳದಲ್ಲೇ ನಿಂತರು, ಒಳಗೆ ಬರಲು ಹಿಂಜರಿದರು. ಅವ್ವ ಅವರನ್ನು ಬಹಳ ಹೊತ್ತು ನೋಡಿ, "ಬಿಸ್ಲಲ್ಲಿ ಎಂತಕ್ಕೆ ನಿಂತೀಯಪ್ಪ, ಬಾ, ಮಜ್ಜಿಗೆ ಕುಡಿ" ಎಂದಳು. ಅಷ್ಟಕ್ಕೇ ಅವರು ಅತ್ತುಬಿಟ್ಟರು.

ಊರಿನ ಬೀದಿಗೆ ಕಾಲಿಟ್ಟಾಗ ನಿನ್ನ ಮಾತುಗಳನ್ನೇ ಹಿಡಿದುಕೊಂಡು ಹೊರಟಿದ್ದೆ. ಗಾಮಪ್ಪನ ಮನೆಯ ಕಂಬ ನಿಂತೈತೆ ಎಂದಿದ್ದೆ ನೀನು. ನಮ್ಮ ಒಲೆ ಹಾಗೇ ಐತೆ ಎಂದಿದ್ದೆ. ಬಂಗಾರಮ್ಮನ ತುಳಸಿಕಟ್ಟೆಗೆ ಒಂದು ಬಿರುಕೂ ಇಲ್ಲ ಎಂದಿದ್ದೆ. ಅಣ್ಣಾ, ಅಲ್ಲಿ ಏನೂ ಇರಲಿಲ್ಲ. ಮಣ್ಣಿನ ಗೋಡೆಗಳೆಲ್ಲ ಕರಗಿ ಹೂಳಾಗಿದ್ದವು. ಒಡೆದ ಹೆಂಚು, ಅಲ್ಲೊಂದು ಇಲ್ಲೊಂದು ಅಡಿಪಾಯದ ಕಲ್ಲು, ಅಷ್ಟೆ. ಕಲ್ಲಿನ ದೇವಸ್ಥಾನ ಒಂದು ನಿಂತಿತ್ತು. ಆ ಗಾಜು ಕಟ್ಟಿಕೊಂಡ ದಿನ ನಿನಗೆ ಕಂಡದ್ದು ಇದೇ ತಾನೇ? ಅಲ್ಲಿಯವರೆಗೆ ಕಲಕಿದ ನೀರಿನಲ್ಲಿ ಕೈಗೆ ಸಿಕ್ಕ ಕಲ್ಲನ್ನೆಲ್ಲ ಹೊಸಿಲು ಎಂದು ನಂಬಿದ್ದೆಯೋ ಏನೋ. ಆಮೇಲೂ ಹೇಳುತ್ತಲೇ ಹೋದೆಯಲ್ಲ, ಅಷ್ಟು ಭಾರವನ್ನು ಒಬ್ಬನೇ ಹೇಗೆ ಇಟ್ಟುಕೊಂಡಿದ್ದೆ? ನನಗಾದರೂ...

ಹುಚ್ಚಮ್ಮಜ್ಜಿ ಅಲ್ಲೇ ಇದ್ದಳು. ಮೊಮ್ಮಗನ ಭುಜ ಹಿಡಿದು ತನ್ನ ಮನೆಯ ಜಾಗದಲ್ಲಿ, ಬಿರುಕುಬಿಟ್ಟ ಹೂಳಿನ ಮೇಲೆ ನಿಂತಿದ್ದಳು. ನಿನ್ನನ್ನು ಬಯ್ಯುತ್ತಾಳೆ, ಸುಳ್ಳುಗಾರ ಎನ್ನುತ್ತಾಳೆ ಎಂದುಕೊಂಡೆ. ಹತ್ತಿರ ಹೋಗಿ, "ಅಜ್ಜಿ, ಅಣ್ಣ ಹೇಳಿದ್ದು..." ಎಂದು ನಿಲ್ಲಿಸಿದೆ.

"ನಂಗೆ ಗೊತ್ತಿತ್ತು ಮಗಳೇ" ಎಂದಳು. "ಮಣ್ಣಿನ್ ಗ್ವಾಡೆ ನೀರಲ್ಲಿ ಎಷ್ಟ್ ದಿನ ನಿಲ್ತದೆ? ನನ್ ಗಂಡನೇ ಕಟ್ಟಿದ್ದು, ನಂಗ್ ಗೊತ್ತಿಲ್ವಾ?"

"ಮತ್ತೆ ಪ್ರತಿ ವರ್ಷ ಬರ್ತಿದ್ರಲ್ಲ?"

"ಅವ್ನ ಬಾಯಲ್ಲಿ ಕೇಳಕ್ಕೆ ಬತ್ತಿದ್ದೆ. ಹೊಸಿಲು ಐತೆ ಅಂತ ಹೇಳೋರು ನಂಗೆ ಮತ್ಯಾರು ಇದ್ರು? ಮಗ ಸೊಸೆಗೆ ಆ ಮನೆ ಸುದ್ದಿ ಎತ್ತಿದ್ರೆ ಆಗ್ತಿರ್ಲಿಲ್ಲ." ಅಜ್ಜಿ ಬಗ್ಗಿ ಒಂದು ಹೆಂಚಿನ ಚೂರು ಎತ್ತಿಕೊಂಡಳು, ನೋಡಿದಳು, ಮತ್ತೆ ಅಲ್ಲೇ ಇಟ್ಟಳು. "ಅವ್ನು ಇರ್ಬೇಕಿತ್ತು" ಎಂದಳು. ಅಷ್ಟೇ.

ದೇವಸ್ಥಾನದ ಮುಂದೆ ಪ್ರಭಾಕರಣ್ಣ ನಿಂತರು, ಹೆಜ್ಜೆ ಮುಂದಿಡಲಿಲ್ಲ. ಗರ್ಭಗುಡಿಯ ಬಾಗಿಲಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಂಡಿ ಇನ್ನೂ ಇತ್ತು. ನಾನು ತಗ್ಗಿ ಒಳಗೆ ಹೋದೆ. ಪೀಠ ಖಾಲಿ. ದೇವರನ್ನು ಊರು ಬಿಡುವಾಗಲೇ ಎತ್ತಿಕೊಂಡು ಹೋಗಿದ್ದರಲ್ಲ. ಒಳಗಿನಿಂದಲೇ ಕೇಳಿದೆ: "ಇಲ್ಲಿ ಏನೂ ಇಲ್ಲ ಅಂತ ನಿಮ್ಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಕನ್ನಪ್ಪ ಹೇಳಿದ್ದ. ಆದ್ರೂ ಒಳಗೆ ಹೋಗ್ಬೇಕು ಅನ್ನಿಸ್ತು. ಯಾಕೆ ಅಂತ ಇಷ್ಟು ವರ್ಷ ಯೋಚನೆ ಮಾಡ್ತಾನೇ ಇದ್ದೀನಿ ಗೌರಮ್ಮ."

ಅವರ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಒಳಗೆ ತಂಪಾಗಿತ್ತು. ಬಾಗಿಲ ಚೌಕದಲ್ಲಿ ಬಿಸಿಲು ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿಂದ ಬಾಗಿಲಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅಣ್ಣ. ಅಷ್ಟು ಹತ್ತಿರ...

ಮನೆಗೆ ಬಂದು ನಾನು ಒಂದು ಗುಟುಕು ನೀರು ಕುಡಿಯುವ ಮೊದಲೇ ಅವ್ವ ಕೇಳಿದಳು, "ನೋಡ್ಕಂಡ್ ಬಂದ್ಯಾ? ಹೇಳು." ನಿನ್ನ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗೋಡೆ ಇಲ್ಲ, ಒಲೆ ಇಲ್ಲ, ಏನೂ ಇಲ್ಲ. ಅವ್ವ, "ಬಾವಿ?" ಎಂದಳು. ಬಾವಿಯ ನೆನಪೇ ನನಗಿರಲಿಲ್ಲ. ಊರು ಬಿಡುವ ದಿನ ಅಪ್ಪ ಬಾವಿಯ ಬಾಯಿಗೆ ಚಪ್ಪಡಿ ಎಳೆದು ಮುಚ್ಚಿದನಂತೆ, ದನ ಬಿದ್ದಾವು ಎಂದು. ಇನ್ನು ದನ ಎಲ್ಲಿಂದ ಬರಬೇಕು ಎಂದು ಊರವರೆಲ್ಲ ನಕ್ಕರಂತೆ. ಆಗ ನೀನು ಗಾಡಿಯ ಜೊತೆ ಮುಂದೆ ಹೋಗಿದ್ದೆಯಂತೆ, ನಿನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ನೀನು ಹುಡುಕದೆ ಬಿಡುತ್ತಿದ್ದೆಯಾ?

ಮರುದಿನ ಬೆಳಿಗ್ಗೆ ಅವ್ವ ತಾನೇ ಹೊರಟಳು. ಕೊಡ, ಹಗ್ಗ ನನ್ನ ಕೈಗೆ ಕೊಟ್ಟಳು. ನಮ್ಮ ಮನೆಯ ಜಾಗದಲ್ಲಿ ನಿಂತು ಅತ್ತಿತ್ತ ನೋಡದೆ ಹಿತ್ತಲಿಗೆ ನಡೆದು, ಒಂದು ಕಡೆ ಕಾಲಿನಿಂದ ತಟ್ಟಿ, "ಇಲ್ಲಿ" ಎಂದಳು. ಪ್ರಭಾಕರಣ್ಣ ಹಾರೆ ಹಾಕಿ ಹೂಳು ಸರಿಸಿದರು. ಚಪ್ಪಡಿ ಸಿಕ್ಕಿತು. ಇನ್ನಿಬ್ಬರನ್ನು ಕರೆದು ಅದನ್ನು ಎತ್ತಿಸಿದಾಗ ಕೆಳಗೆ ಕಪ್ಪಗೆ, ಅಲುಗದೆ, ನೀರಿತ್ತು ಅಣ್ಣ. ಕಲ್ಲು ಕಟ್ಟಿದ ಸುತ್ತು ಒಂದೂ ಜಾರಿರಲಿಲ್ಲ. ಆಕಾಶ ಅದರೊಳಗೆ ಬಿದ್ದಿತ್ತು.

ಅವ್ವ ಮೊದಲ ಕೊಡ ಚೆಲ್ಲಿಸಿದಳು, ಎರಡನೆಯದನ್ನೂ ಚೆಲ್ಲಿಸಿದಳು. ಆಮೇಲೆ ಎತ್ತಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದಳು. ನೀನು ಹೋದ ಮೇಲೆ ಕಣಗಲಮನೆಯ ಹೆಸರನ್ನೇ ಎತ್ತದವಳು, "ನಿಮ್ಮಪ್ಪ ತೋಡ್ದಾಗ ಕನ್ನ ಹೊಟ್ಟೇಲಿದ್ದ" ಎಂದಳು. ಪ್ರಭಾಕರಣ್ಣನಿಗೂ ಹುಯ್ದಳು. ನನಗೂ ಹುಯ್ದಳು. ನೀರು ತಣ್ಣಗಿತ್ತು, ಸ್ವಲ್ಪ ಕಲ್ಲಿನ ರುಚಿ. ಹೊರಡುವ ಮೊದಲು ಅವ್ವ ಚಪ್ಪಡಿ ಮತ್ತೆ ಮುಚ್ಚಿಸಿದಳು.

ಈಗ ಮಳೆ ಹಿಡಿದಿದೆ. ನೀರು ದಿನದಿನವೂ ಏರುತ್ತಿದೆ, ಬೀದಿ ಮುಚ್ಚಿತು, ದೇವಸ್ಥಾನದ ಮೆಟ್ಟಿಲು ಮುಚ್ಚಿತು. ನಿನ್ನ ದೋಣಿಯನ್ನು ನೆಟ್ಟಗೆ ಮಾಡಿ ಡಾಂಬರು ಬಳಿಸಿದ್ದೇನೆ. ಮಳೆ ಬಿಟ್ಟ ಮೇಲೆ ಹುಟ್ಟು ನಾನೇ ಹಾಕುತ್ತೇನೆ. ಊರಿನವರನ್ನು ಕರೆದುಕೊಂಡು ಹೋಗುತ್ತೇನೆ, ಯಾರನ್ನೂ ನೀರಿಗೆ ಇಳಿಸುವುದಿಲ್ಲ. ಮೊದಲ ಸಲ ಕೂರುವವಳು ಯಾರು ಗೊತ್ತಾ? ಅವ್ವ. "ಬಾವಿ ಮೇಲೆ ನಿಲ್ಸು, ಸಾಕು" ಎಂದು ಈಗಲೇ ಹೇಳಿಟ್ಟಿದ್ದಾಳೆ.

ನಿನ್ನ ತಂಗಿ
ಗೌರಿ